ಲಂಡನ್ನಿನ ಮೂರು ಇಟ್ಟಿಗೆ ಚರ್ಚುಗಳು

ಮೊದಲ ದಿನ, ಶುಕ್ರವಾರ

ನಮ್ಮಪ್ಪ ಮಾಲೂರಿನ ಕಡೆ ಮೂವತ್ತು ವರ್ಷ ಇಟ್ಟಿಗೆ ಗೂಡು ನಡೆಸಿದವರು. ನಾನು ಬೆಳೆದದ್ದೇ ಒಣಗಲು ಹಾಕಿದ ಹಸಿ ಇಟ್ಟಿಗೆಯ ಸಾಲುಗಳ ನಡುವೆ. ಈ ಜೂನಿನಲ್ಲಿ ತಂಗಿಯ ಮನೆಗೆ ಅಂತ ಲಂಡನ್ನಿಗೆ ಹೊರಟಾಗ ಅಪ್ಪ ಹೇಳಿದ್ದು ಒಂದೇ ಮಾತು: "ಅಲ್ಲಿ ಗೋಡೆಗೆ ಸಿಮೆಂಟು ಬಳಿಯಲ್ವಂತೆ. ಇಟ್ಟಿಗೆ ಹಂಗೇ ಕಾಣುತ್ತಂತೆ. ನೋಡ್ಕೊಂಡು ಬಾ."

ತಂಗಿ ಇರುವುದು ಹ್ಯಾರೋದಲ್ಲಿ. ಬೇಕರ್‌ಲೂ ಲೈನು ಶುರುವಾಗುವುದೇ ಅಲ್ಲಿಂದ. ಒಂದೇ ರೈಲಿನಲ್ಲಿ ಕೂತರೆ ಆಕ್ಸ್‌ಫರ್ಡ್ ಸರ್ಕಸ್. ಇಳಿದು ಮೇಲೆ ಬಂದರೆ ಜಾತ್ರೆಯಂಥ ಜನ, ಬರೀ ಬಟ್ಟೆ ಅಂಗಡಿ. ಅದರ ಬೆನ್ನಿಗೇ ಒಂದು ಸಣ್ಣ ಬೀದಿ, ಮಾರ್ಗರೆಟ್ ಸ್ಟ್ರೀಟ್. ಐದೇ ನಿಮಿಷದ ನಡಿಗೆ. ಸದ್ದು ಇದ್ದಕ್ಕಿದ್ದ ಹಾಗೆ ಕಮ್ಮಿಯಾಯಿತು. ಎಡಕ್ಕೆ ಒಂದು ಕಮಾನಿನ ಬಾಗಿಲು, ಅದರ ಹಿಂದೆ ಪುಟ್ಟ ಅಂಗಳ. ಆಲ್ ಸೇಂಟ್ಸ್ ಚರ್ಚು ಇದೇ.

ಅಂಗಳದಲ್ಲಿ ನಿಂತು ತಲೆ ಎತ್ತಿದೆ. ಸುತ್ತ ಮೂರು ಕಡೆಯೂ ಕೆಂಪು ಇಟ್ಟಿಗೆ. ಕೆಂಪಿನ ನಡುನಡುವೆ ಕರಿ ಇಟ್ಟಿಗೆಯ ಪಟ್ಟಿಗಳು. ಕೆಲವು ಕಡೆ ಅಂಕುಡೊಂಕಾದ ಗೆರೆ, ಅಲ್ಲಲ್ಲಿ ಬಿಳಿ ಕಲ್ಲು. ಎದುರಿಗೆ ಚರ್ಚು, ಅಕ್ಕಪಕ್ಕ ಪಾದ್ರಿಗಳ ಮನೆ ಮತ್ತು ಹಾಡುವ ಹುಡುಗರಿಗೆ ಕಟ್ಟಿಸಿದ್ದ ಶಾಲೆ. ಇಷ್ಟೂ ಕಟ್ಟಡಕ್ಕೆ ಸಿಕ್ಕ ಜಾಗ ಸುಮಾರು ನೂರಡಿ ಉದ್ದ, ನೂರಡಿ ಅಗಲ. ನಮ್ಮ ಕಡೆ ಮೂವತ್ತು ನಲವತ್ತರ ಎಂಟು ಸೈಟು ಸೇರಿಸಿದರೆ ಆಗುವಷ್ಟು. ಅಷ್ಟರೊಳಗೆ 227 ಅಡಿಯ ಗೋಪುರ ಎದ್ದಿದೆ. ವೆಸ್ಟ್‌ಮಿನ್‌ಸ್ಟರ್ ಅಬೆಯ ಗೋಪುರಗಳು 225 ಅಡಿ. ಅಂದರೆ ರಾಜರಿಗೆ ಪಟ್ಟ ಕಟ್ಟುವ ಜಾಗಕ್ಕಿಂತ ಈ ಬೀದಿ ಚರ್ಚು ಎರಡಡಿ ಜಾಸ್ತಿ ಎತ್ತರ.

ಇದು ಪ್ಯಾರಿಷ್ ಚರ್ಚು. ಸುತ್ತಮುತ್ತಲಿನ ಕೆಲವು ಬೀದಿಗಳ ಜನರ ಹುಟ್ಟು, ಮದುವೆ, ಸಾವು ನೋಡಿಕೊಳ್ಳುವ ಚರ್ಚು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಥವು ಸಾವಿರಗಟ್ಟಲೆ ಎದ್ದವು. ಊರುಗಳು ಬೆಳೆಯುತ್ತಿದ್ದವು, ಹೊಸ ಕೇರಿಗಳಿಗೆ ಹೊಸ ಚರ್ಚು ಬೇಕಿತ್ತು. ಆದರೆ ಇದನ್ನು ಕಟ್ಟಿಸಿದವರ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಅದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

1833ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೆಲವು ಪಾದ್ರಿಗಳು, ಇಂಗ್ಲೆಂಡಿನ ಚರ್ಚು ತನ್ನ ಹಳೆಯ ಬೇರು ಮರೆತಿದೆ ಅಂತ ದನಿ ಎತ್ತಿದರು. ಕೀಬಲ್, ನ್ಯೂಮನ್, ಪ್ಯೂಸಿ ಅವರಲ್ಲಿ ಮುಖ್ಯರು. ಪೂಜೆಯಲ್ಲಿ ಚೆಲುವು ಇರಬೇಕು, ಬಲಿಪೀಠಕ್ಕೆ ಮರ್ಯಾದೆ ಬರಬೇಕು ಅನ್ನುವ ಮಾತು ಹಬ್ಬಿತು. ಮಾರ್ಗರೆಟ್ ಸ್ಟ್ರೀಟಿನಲ್ಲಿ ಇದೇ ಜಾಗದಲ್ಲಿ ಆಗ ಒಂದು ಸಾಧಾರಣ ಪ್ರಾರ್ಥನಾ ಮಂದಿರ ಇತ್ತು. ಅಲ್ಲಿದ್ದ ಫ್ರೆಡರಿಕ್ ಓಕ್ಲಿ ಈ ಗುಂಪಿನವನು. ಕ್ರಿಸ್‌ಮಸ್ಸಿನಲ್ಲಿ ಇವತ್ತಿಗೂ ಎಲ್ಲೆಡೆ ಕೇಳುವ ಒಂದು ಲ್ಯಾಟಿನ್ ಹಾಡನ್ನು ಇಂಗ್ಲಿಷಿಗೆ ತಂದವನು ಅವನೇ. 1845ರಲ್ಲಿ ನ್ಯೂಮನ್ ಇಂಗ್ಲೆಂಡಿನ ಚರ್ಚು ಬಿಟ್ಟು ಕ್ಯಾಥೊಲಿಕ್ ಆದ, ಅದೇ ವರ್ಷ ಓಕ್ಲಿಯೂ ಆದ. ಉಳಿದವರಿಗೆ ಅದು ದೊಡ್ಡ ಪೆಟ್ಟು. ಆದರೂ ಓಕ್ಲಿಯ ಜಾಗಕ್ಕೆ ಬಂದ ಅಪ್ಟನ್ ರಿಚರ್ಡ್ಸ್ ಹೊಸ ಚರ್ಚಿನ ಆಸೆ ಬಿಡಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಗುಂಪು ಚರ್ಚು ಹೇಗಿರಬೇಕು ಅನ್ನುವ ಬಗ್ಗೆಯೇ ಜಗಳ ಹೂಡಿತ್ತು. ಇದು ಕೇಂಬ್ರಿಜ್ ಕ್ಯಾಮ್ಡನ್ ಸೊಸೈಟಿ, ಹುಟ್ಟಿದ್ದು 1839ರಲ್ಲಿ. ಉಳ್ಳವರು ಬಾಡಿಗೆ ಕೊಟ್ಟು ಬಾಗಿಲು ಹಾಕಿಕೊಂಡು ಕೂರುವ ಪೆಟ್ಟಿಗೆಯಂಥ ಬೆಂಚುಗಳು ಬೇಡ ಅಂದವರು ಇವರೇ. ಬಾಯಲ್ಲಿ ಹೇಳುವುದಕ್ಕಿಂತ ಒಂದು ಮಾದರಿ ಚರ್ಚನ್ನೇ ಕಟ್ಟಿ ತೋರಿಸೋಣ ಅಂತ ಇವರು ಹೊರಟರು. ಹೀಗೆ ಎರಡೂ ಗುಂಪಿನ ಆಸೆ ಈ ನೂರಡಿ ಜಾಗದಲ್ಲಿ ಬಂದು ಸೇರಿತು. 1850ರ ನವೆಂಬರಿನಲ್ಲಿ ಪ್ಯೂಸಿ ಅಡಿಗಲ್ಲು ಹಾಕಿದರು. ಕೆಲಸ ಒಂಬತ್ತು ವರ್ಷ ಹಿಡಿಯಿತು. 1859ರ ಮೇ 28ರಂದು ಚರ್ಚು ಪ್ರತಿಷ್ಠೆಯಾಯಿತು. ಜಾಗದ ಬೆಲೆಯೂ ಸೇರಿ ಸುಮಾರು 70 ಸಾವಿರ ಪೌಂಡ್ ಖರ್ಚು.

ಕಟ್ಟಿದ ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್. ಶುರು ಮಾಡಿದಾಗ ಅವನಿಗೆ ಮೂವತ್ತಾರು ವರ್ಷ. ನನಗೆ ಇಷ್ಟವಾದದ್ದು ಅವನು ಇಟ್ಟಿಗೆಯನ್ನು ಆರಿಸಿಕೊಂಡದ್ದು. ಆಗ ಚರ್ಚು ಅಂದರೆ ಕಲ್ಲು. ಇಟ್ಟಿಗೆ ಏನಿದ್ದರೂ ಗೋದಾಮಿಗೆ, ಗಿರಣಿಗೆ, ಸಾಲುಮನೆಗೆ. ಬ್ರಿಟನ್ನಿನಲ್ಲಿ 1784ರಿಂದ ಇಟ್ಟಿಗೆಯ ಮೇಲೆ ತೆರಿಗೆ ಬೇರೆ ಇತ್ತು, ಸಾವಿರಕ್ಕೆ ಇಷ್ಟು ಅಂತ. ಆ ತೆರಿಗೆ ಹೋದದ್ದು 1850ರಲ್ಲಿ, ಸರಿಯಾಗಿ ಈ ಚರ್ಚಿನ ಅಡಿಗಲ್ಲು ಬಿದ್ದ ವರ್ಷ. ಹಾಗಂತ ಅಗ್ಗ ಅಂತ ಬಟರ್‌ಫೀಲ್ಡ್ ಇಟ್ಟಿಗೆ ಹಿಡಿಯಲಿಲ್ಲ. ಅವನು ತರಿಸಿದ ಇಟ್ಟಿಗೆ ಎಷ್ಟು ಚೆನ್ನಾಗಿತ್ತೆಂದರೆ ಕಲ್ಲಿಗಿಂತ ದುಬಾರಿಯಾಯಿತು. ಮಣ್ಣಿಗೆ ಕಲ್ಲಿನಷ್ಟೇ ಮಾನ ಇದೆ ಅಂತ ತೋರಿಸುವುದು ಅವನ ಹಟ.

ಒಳಗೆ ಹೋದೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕತ್ತಲೆ. ಸುಮ್ನೆ ಒಂದು ಕುರ್ಚಿಯಲ್ಲಿ ಕೂತೆ. ನಿಧಾನಕ್ಕೆ ಒಂದೊಂದೇ ಬಣ್ಣ ಕಾಣತೊಡಗಿತು. ಮೊದಲು ಕಂಬಗಳು. ಸ್ಕಾಟ್ಲೆಂಡಿನ ಕೆಂಪು ಗ್ರಾನೈಟು, ಕನ್ನಡಿಯ ಹಾಗೆ ಉಜ್ಜಿದ್ದು. ಕಂಬದ ತಲೆಯ ಮೇಲೆ ಎಲೆ ಬಳ್ಳಿ ಕೆತ್ತಿದ ಬೆಳ್ಳನೆಯ ಮೆದು ಕಲ್ಲು. ಅದರ ಮೇಲೆ ಕಮಾನು, ಕಮಾನಿನ ಮೇಲೆ ಗೋಡೆಯ ತುಂಬ ಚೌಕ, ವಜ್ರ, ಚಕ್ರದ ವಿನ್ಯಾಸ. ಬರೀ ಮೂರು ಕಮಾನಿನಷ್ಟು ಉದ್ದದ ಜಾಗ. ಆದರೆ ಕಣ್ಣಿಗೆ ಬಿಡುವೇ ಇಲ್ಲ.

ಈ ವಿನ್ಯಾಸದಲ್ಲಿ ಹೆಚ್ಚಿನದು ಬಳಿದ ಬಣ್ಣ ಅಲ್ಲ. ಕೆಂಪು ಬೇಕಿದ್ದ ಕಡೆ ಕೆಂಪು ಸುಟ್ಟ ಮಣ್ಣು, ಹಸಿರು ಬೇಕಿದ್ದ ಕಡೆ ಹಸಿರು ಕಲ್ಲು, ಬಿಳಿಗೆ ಅಮೃತಶಿಲೆ. ಕಟ್ಟುವ ವಸ್ತುವೇ ಬಣ್ಣ. ಸವೆದರೂ ಬಣ್ಣ ಹೋಗುವುದಿಲ್ಲ. ಕಲ್ಲಿದ್ದಲ ಹೊಗೆ ತುಂಬಿದ್ದ ಅಂದಿನ ಲಂಡನ್ನಿಗೆ ಇದು ತುಂಬ ಯೋಚನೆ ಮಾಡಿದ ಕೆಲಸ. ಬಳಿದ ಬಣ್ಣದ ಗತಿ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿಯೂ ಇಲ್ಲೇ ಇದೆ. ಬಲಿಪೀಠದ ಹಿಂದಿನ ಗೋಡೆಗೆ ವಿಲಿಯಂ ಡೈಸ್ ಚಿತ್ರ ಬರೆದಿದ್ದ. ಅವು ಬೇಗ ಕೆಟ್ಟವು. 1909ರಲ್ಲಿ ನಿನಿಯನ್ ಕಾಂಪರ್ ಅವನ್ನೇ ಅನುಸರಿಸಿ ಮರದ ಹಲಗೆಯ ಮೇಲೆ ಹೊಸದಾಗಿ ಬರೆದ. ಈಗ ಕಾಣುವುದು ಅದು. ಅಲ್ಲಿ ಕಿಟಕಿ ಇಲ್ಲ, ಹಿಂದೆ ಬೇರೆ ಕಟ್ಟಡಗಳು ಒತ್ತಿಕೊಂಡಿವೆ. ಕಿಟಕಿ ಇರಬೇಕಿದ್ದ ಕಡೆ ನೆಲದಿಂದ ಮೇಲಿನ ತನಕ ಸಂತರ ಸಾಲು, ಸುತ್ತ ಚಿನ್ನ.

ಬಾಗಿಲ ಎದುರಿನ ಗೋಡೆಯಲ್ಲಿ ದೊಡ್ಡ ದೊಡ್ಡ ಟೈಲ್ಸ್ ಚಿತ್ರಗಳಿವೆ. 1873ರಲ್ಲಿ, ತೀರಿಕೊಂಡ ಅಪ್ಟನ್ ರಿಚರ್ಡ್ಸ್ ನೆನಪಿಗೆ ಹಾಕಿಸಿದ್ದು. ಬಟರ್‌ಫೀಲ್ಡ್ ವಿನ್ಯಾಸ ಮಾಡಿದ, ಅಲೆಕ್ಸಾಂಡರ್ ಗಿಬ್ಸ್ ಬರೆದ, ಆಮೇಲೆ ಗೂಡಿನಲ್ಲಿ ಸುಟ್ಟರು. ನಡುವೆ ಕಂದ ಏಸು ಹುಟ್ಟಿದ ಚಿತ್ರ. ನೂರೈವತ್ತು ವರ್ಷದ ಹಿಂದೆ ಬೆಂಕಿ ಕಂಡ ನೀಲಿ, ಹಸಿರು, ಇಂದಿಗೂ ಒದ್ದೆಯಾಗಿರುವ ಹಾಗೆ ಹೊಳೆಯುತ್ತಿದೆ. ಅದರ ಮುಂದೆ ಅರ್ಧ ಗಂಟೆ ನಿಂತೆ. ಸರಿಯಾಗಿ ಬೆಂದ ಮಣ್ಣು ಎಲ್ಲವನ್ನೂ ತಡೆಯುತ್ತದೆ ಅನ್ನುವುದು ಅಪ್ಪನ ಮಾತು.

ಕಟ್ಟುತ್ತಿದ್ದಾಗಲೇ ಇದರ ಬಗ್ಗೆ ವಾದ ಇತ್ತು. ಕೆಲವರಿಗೆ ಈ ಬಣ್ಣ ಅತಿಯಾಯಿತು ಅನ್ನಿಸಿತು, ಕುರೂಪ ಅಂದರು. ಆದರೆ ಆ ಕಾಲದ ಕಲಾ ವಿಮರ್ಶಕ ಜಾನ್ ರಸ್ಕಿನ್ 1853ರಲ್ಲೇ, ಇನ್ನೂ ಮುಗಿಯದ ಕಟ್ಟಡ ನೋಡಿ, ಈ ಕಾಲದಲ್ಲಿ ಅಂಜಿಕೆ ಇಲ್ಲದೆ ಕಟ್ಟಿದ ಮೊದಲ ಕಟ್ಟಡ ಅಂತ ಹೊಗಳಿದ. ನನಗೆ ರಸ್ಕಿನ್ ಹೇಳಿದ್ದೇ ಸರಿ ಅನ್ನಿಸುತ್ತದೆ.

ರಾತ್ರಿ ಮನೆಗೆ ಬಂದು ಅಪ್ಪನಿಗೆ ಅಂಗಳದ ಫೋಟೋ ಕಳಿಸಿದೆ.

ಎರಡನೇ ದಿನ, ಶನಿವಾರ

ಬೆಳಗ್ಗೆ ಏಳುವಷ್ಟರಲ್ಲಿ ಅಪ್ಪನ ದನಿ ಬಂದಿತ್ತು ಫೋನಿಗೆ. "ಚೆನ್ನಾಗಿದೆ ಕಣೋ. ಆದ್ರೆ ನೀನು ಬರೀ ಮುಖ ತೆಗ್ದಿದೀಯ. ಆ ಕರಿ ಇಟ್ಟಿಗೆ ಮೂಲೇಲಿ ಹೆಂಗೆ ತಿರುಗಿದೆ ನೋಡ್ದಾ? ಕಟ್ಟಿದ್ದೋ ಅಂಟಿಸಿದ್ದೋ ಮೂಲೆ ಹೇಳುತ್ತೆ. ಮೇಸ್ತ್ರಿ ಯಾರು?"

ನಾನು ಮೂಲೆ ನೋಡಿರಲಿಲ್ಲ. ಮೇಸ್ತ್ರಿಯ ಹೆಸರು ಮಾತ್ರ ಗೊತ್ತಿತ್ತು. ಗುತ್ತಿಗೆ ಹಿಡಿದವನು ಜಾನ್ ಕೆಲ್ಕ್, ಮುಂದೆ ಹೈಡ್ ಪಾರ್ಕ್ ಪಕ್ಕದ ಆಲ್ಬರ್ಟ್ ಮೆಮೋರಿಯಲ್ ಕಟ್ಟಿದವನೂ ಅವನೇ. ಅಷ್ಟು ಹೇಳಿ, ಮೂಲೆ ನೋಡಿಕೊಂಡು ಹೇಳ್ತೀನಿ ಅಪ್ಪ ಅಂದೆ.

ಈ ದಿನ ತಂಗಿಯ ಮಗಳೂ ಹೊರಟಳು. ಹದಿಮೂರು ವರ್ಷ. ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ವಿಕ್ಟೋರಿಯಾ ಲೈನಿಗೆ ಬದಲಾಯಿಸಿ ಪಿಮ್ಲಿಕೋದಲ್ಲಿ ಇಳಿದೆವು. ನೋಡಬೇಕಿದ್ದದ್ದು ಸೇಂಟ್ ಜೇಮ್ಸ್ ದ ಲೆಸ್. ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅನ್ನುವ ವಾಸ್ತುಶಿಲ್ಪಿ ಲಂಡನ್ನಿನಲ್ಲಿ ಕಟ್ಟಿದ ಮೊದಲ ಚರ್ಚು, 1859ರಿಂದ 1861. ಅಂದರೆ ಮಾರ್ಗರೆಟ್ ಸ್ಟ್ರೀಟಿನಲ್ಲಿ ಕೆಲಸ ಮುಗಿದ ವರ್ಷವೇ ಇಲ್ಲಿ ಶುರು. ಗ್ಲಾಸ್ಟರಿನ ಬಿಷಪ್ ಮಾಂಕ್ ತೀರಿಕೊಂಡ ಮೇಲೆ ಅವರ ಮೂವರು ಹೆಣ್ಣುಮಕ್ಕಳು ಅಪ್ಪನ ನೆನಪಿಗೆ ಕಟ್ಟಿಸಿದ್ದು. ಆಗ ಇಲ್ಲಿ ಸುತ್ತ ಬಡವರ ಕೇರಿ ಇತ್ತು.

ಗೋಪುರವನ್ನು ನೋಡಿದರೆ ಇಟಲಿಯ ನೆನಪಾಗುವಂತಿದೆ. ಚರ್ಚಿನಿಂದ ಒಂದಿಷ್ಟು ದೂರ ಸರಿದು ಬೀದಿಯ ಅಂಚಿಗೆ ಬಂದು ನಿಂತಿದೆ. ಸ್ಟ್ರೀಟ್ ಉತ್ತರ ಇಟಲಿ ಸುತ್ತಿ, ಅಲ್ಲಿನ ಇಟ್ಟಿಗೆ ಕಟ್ಟಡಗಳ ಮೇಲೆ 1855ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದ. ನೋಡಿದ್ದನ್ನು ಇಲ್ಲಿ ಕೆಂಪು ಕಪ್ಪು ಇಟ್ಟಿಗೆಯಲ್ಲಿ ಕೈಯಾರೆ ಮಾಡಿ ನೋಡಿದ್ದಾನೆ. ಬಾಗಿಲಿಗೆ ಹೋಗುವ ದಾರಿ ಗೋಪುರದ ಕೆಳಗೇ. ಮುಂದಿನ ಕಬ್ಬಿಣದ ಬೇಲಿ ನೋಡುತ್ತಾ ಹುಡುಗಿ ಅಲ್ಲೇ ನಿಂತುಬಿಟ್ಟಳು. ಬೇಲಿಯ ಕಂಬಿಗಳ ತುದಿಯಲ್ಲಿ ಹೂವು ಅರಳಿದೆ. ಕಬ್ಬಿಣ ಕಾಸಿ ಬಡಿದು ಮಾಡಿದ್ದು. ಮಾಡಿದವನು ಮೇಡನ್‌ಹೆಡ್ ಊರಿನ ಜೇಮ್ಸ್ ಲೀವರ್. ಒಳಗೆ ದೀಕ್ಷಾಸ್ನಾನದ ತೊಟ್ಟಿಯ ಮೇಲಿನ ಕಬ್ಬಿಣದ ಮಂಟಪವೂ ಅವನ ಕೈಯದೇ. ಅದನ್ನು 1862ರ ಲಂಡನ್ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದರು.

ಒಳಗೆ ಕಂಬಗಳು ಗಿಡ್ಡ, ದಪ್ಪ. ಅವುಗಳ ತಲೆಯಲ್ಲಿ ಏಸು ಹೇಳಿದ ಕತೆಗಳನ್ನು, ಮಾಡಿದ ಪವಾಡಗಳನ್ನು ಕೆತ್ತಿದ್ದಾರೆ. ಓದು ಬಾರದ ಕೂಲಿಯವರೂ ಕತ್ತು ಎತ್ತಿದರೆ ಕತೆ ಸಿಗುತ್ತಿತ್ತು. ಮೇಲಿನ ದೊಡ್ಡ ಕಮಾನಿನ ಮೇಲೆ ಕೊನೆಯ ತೀರ್ಪಿನ ದಿನದ ಚಿತ್ರ. ಬರೆದವನು ಜಿ. ಎಫ್. ವಾಟ್ಸ್. ಅದೂ ಮೊದಲು ಹಸಿ ಗಾರೆಯ ಮೇಲೆ ಬರೆದ ಚಿತ್ರವಾಗಿತ್ತು, ಬೇಗ ಕೆಟ್ಟಿತು. 1880ರ ದಶಕದಲ್ಲಿ ಅದನ್ನೇ ಬಣ್ಣದ ಗಾಜಿನ ಚೂರುಗಳಲ್ಲಿ ಜೋಡಿಸಿದರು. ಲಂಡನ್ನಿನ ಗಾಳಿಯಲ್ಲಿ ಸುಟ್ಟದ್ದು ಉಳಿಯಿತು, ಬಳಿದದ್ದು ಹೋಯಿತು. ಎರಡು ದಿನದಲ್ಲಿ ಎರಡನೇ ಸಲ ಇದನ್ನೇ ನೋಡಿದೆ.

ಹೊರಗೆ ಬಂದಾಗ ಹುಡುಗಿ ಕೇಳಿದಳು, "ಮಾಮ, ಈ ಫ್ಲ್ಯಾಟುಗಳೂ ಚರ್ಚಿನವರದ್ದೇನಾ? ಬಣ್ಣ ಒಂದೇ ಥರ ಇದೆ."

ಅವಳ ಕಣ್ಣು ಸರಿಯಾಗಿ ಹಿಡಿದಿತ್ತು. ಚರ್ಚನ್ನು ಸುತ್ತಿಕೊಂಡಿರುವುದು ಲಿಲ್ಲಿಂಗ್ಟನ್ ಗಾರ್ಡನ್ಸ್. ವೆಸ್ಟ್‌ಮಿನ್‌ಸ್ಟರ್ ನಗರಸಭೆ ಸಾಮಾನ್ಯ ಜನರಿಗೆ ಕಟ್ಟಿಸಿದ ವಸತಿ. 1961ರ ಸ್ಪರ್ಧೆಯಲ್ಲಿ ಗೆದ್ದ ಜಾನ್ ಡಾರ್ಬರ್ನ್, ಈ ಚರ್ಚಿಗೆ ಹೊಂದಲಿ ಅಂತಲೇ ಕಡುಗೆಂಪು ಇಟ್ಟಿಗೆ ಆರಿಸಿದ. ಊರೆಲ್ಲ ಕಾಂಕ್ರೀಟಿನ ಎತ್ತರದ ಡಬ್ಬಿ ಕಟ್ಟುತ್ತಿದ್ದ ಕಾಲ ಅದು. ನೂರು ವರ್ಷದ ಹಿಂದಿನ ಒಂದು ಚರ್ಚು ತನ್ನ ಸುತ್ತಲಿನ ನೂರಾರು ಮನೆಗಳ ಬಣ್ಣ ತೀರ್ಮಾನ ಮಾಡಿತು. ಮೆಟ್ಟಿಲ ಮೆಟ್ಟಿಲಾದ ಬಾಲ್ಕನಿಗಳಲ್ಲಿ ಹೂವಿನ ಕುಂಡಗಳು, ಒಣಗಲು ಹಾಕಿದ ಬಟ್ಟೆ.

ಅಲ್ಲಿಂದ ವಾಕ್ಸ್‌ಹಾಲ್ ಸೇತುವೆ ದಾಟಿ, ಥೇಮ್ಸ್ ದಂಡೆ ಹಿಡಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ನಡೆದೆವು. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರಿನಲ್ಲಿ ಅನಾವರಣವಾದದ್ದು. ಹುಡುಗಿ ಶಾಲೆಯ ಗೆಳತಿಯರಿಗೆ ತೋರಿಸಬೇಕು ಅಂತ ಫೋಟೋ ತೆಗೆದುಕೊಂಡಳು. ಉಳ್ಳವರು ಕಟ್ಟಿಸಿದ ಗುಡಿ ನೋಡಿಕೊಂಡು ನೇರ ಅವರ ಮುಂದೆ ಬಂದು ನಿಂತಿದ್ದೆ. ತುಂಬ ಹೊತ್ತು ಮಾತು ಬರಲಿಲ್ಲ. ಕಾಲು ನೋಯುತ್ತಿತ್ತು. ಬಸ್ಸು ಹಿಡಿದು ವಾಪಸ್ಸು ಬಂದೆವು.

ಮೂರನೇ ದಿನ, ಭಾನುವಾರ

ಬೆಳಗ್ಗೆ ಒಬ್ಬನೇ ಹೊರಟೆ. ಕಿಲ್ಬರ್ನ್ ಪಾರ್ಕ್ ಅದೇ ಬೇಕರ್‌ಲೂ ಲೈನಿನ ಮೇಲೆ. 1915ರ ಆ ಸ್ಟೇಷನ್ನಿನ ಮುಂಭಾಗಕ್ಕೂ ರಕ್ತಗೆಂಪು ಮೆರುಗಿನ ಸುಟ್ಟ ಮಣ್ಣಿನ ಹೊದಿಕೆ. ಹೊರಗೆ ಬಂದು ತಿರುಗಿದರೆ ಸೇಂಟ್ ಅಗಸ್ಟೀನ್ ಚರ್ಚಿನ ಗೋಪುರ ಮನೆಗಳ ಮೇಲಿಂದ ಕಾಣುತ್ತದೆ. 254 ಅಡಿ.

ಇದರ ಹುಟ್ಟೂ ಜಗಳದಲ್ಲೇ. ಹತ್ತಿರದ ಇನ್ನೊಂದು ಚರ್ಚಿಗೆ ಹೊಸ ಪಾದ್ರಿ ಬಂದರು. ಧೂಪ ದೀಪದ ಪೂಜೆ ಅವರಿಗೆ ಒಗ್ಗಲಿಲ್ಲ. ಆಗ ಅಲ್ಲಿನ ಕಿರಿಯ ಪಾದ್ರಿ ರಿಚರ್ಡ್ ಕಾರ್ ಕರ್ಕ್‌ಪ್ಯಾಟ್ರಿಕ್ ತನ್ನ ಜನರನ್ನು ಕಟ್ಟಿಕೊಂಡು ಹೊರಗೆ ಬಂದ. ಮೊದಲು ತಗಡಿನ ಚರ್ಚು. ಆಮೇಲೆ 1870ರಲ್ಲಿ ವಾಸ್ತುಶಿಲ್ಪಿ ಜಾನ್ ಲಫ್‌ಬರೋ ಪಿಯರ್ಸನ್‌ನನ್ನು ಕರೆಸಿದರು. 1880ರಲ್ಲಿ ಪ್ರತಿಷ್ಠೆ ಆಯಿತು. ಗೋಪುರಕ್ಕೆ ದುಡ್ಡು ಕೂಡಿ ಬರುವಷ್ಟರಲ್ಲಿ ಇನ್ನೂ ಹದಿನೇಳು ವರ್ಷ. 1897ರ ಕೊನೆಯಲ್ಲಿ ಪಿಯರ್ಸನ್ ತೀರಿಕೊಂಡ.

ಪೂಜೆ ಶುರುವಾಗುವ ಮೊದಲೇ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಇಲ್ಲಿ ಬಟರ್‌ಫೀಲ್ಡ್‌ನ ಹಾಗೆ ಬಣ್ಣದ ಗದ್ದಲ ಇಲ್ಲ. ಇಲ್ಲಿರುವುದು ಎತ್ತರ, ಆಳ. ಸಾಮಾನ್ಯವಾಗಿ ಎತ್ತರದ ಗೋಡೆ ಹೊರಕ್ಕೆ ಬಾಗದ ಹಾಗೆ ಹೊರಗಿನಿಂದ ಆಸರೆ ಗೋಡೆ ಕೊಡುತ್ತಾರೆ. ಪಿಯರ್ಸನ್ ಆ ಆಸರೆಗಳನ್ನು ಒಳಗೆ ಎಳೆದುಕೊಂಡಿದ್ದಾನೆ. ದಕ್ಷಿಣ ಫ್ರಾನ್ಸಿನ ಆಲ್ಬಿಯಲ್ಲಿ ಇಟ್ಟಿಗೆಯದೇ ಒಂದು ದೊಡ್ಡ ಕೆಥೆಡ್ರಲ್ ಇದೆ, ಈ ಉಪಾಯ ಅಲ್ಲಿಯದು. ಒಳಗೆ ಬಂದ ಆ ಆಸರೆಗಳಲ್ಲಿ ಕಮಾನು ಕೊರೆದು, ಮೇಲೆ ಇಡೀ ಚರ್ಚಿನ ಸುತ್ತ ಒಂದು ಓಡಾಡುವ ಮಹಡಿ ಮಾಡಿದ್ದಾನೆ. ಅದು ಅಡ್ಡ ಕೋಣೆಗಳ ಮುಂದೂ ಸೇತುವೆಯ ಹಾಗೆ ಹಾಯ್ದು ಹೋಗುತ್ತದೆ. ಹಾಗಾಗಿ ಎಲ್ಲಿ ಕೂತರೂ ಕಮಾನಿನ ಹಿಂದೆ ಇನ್ನೊಂದು ಕಮಾನು, ಅದರ ಹಿಂದೆ ಎಲ್ಲಿಂದಲೋ ಬೆಳಕು.

ಮೇಲೆ ನೋಡಿದೆ. ಚಾವಣಿ ಮರದ್ದಲ್ಲ. ಕಲ್ಲಿನ ಪಕ್ಕೆಲುಬುಗಳ ನಡುವೆ ಇಟ್ಟಿಗೆ ತುಂಬಿ ಬಿಲ್ಲಿನ ಹಾಗೆ ಬಾಗಿಸಿದ್ದಾರೆ. ಇಟ್ಟಿಗೆಯನ್ನು ಗೋಡೆಯಲ್ಲಿ ಕೂರಿಸಬಹುದು. ಗಾಳಿಯಲ್ಲಿ ತೂಗು ಹಾಕಬೇಕಾದರೆ ಪ್ರತಿಯೊಂದೂ ಪಕ್ಕದ್ದನ್ನು ಒತ್ತಿ ಹಿಡಿಯಬೇಕು. ಒಂದು ಮೆತ್ತಗೆ ಬೆಂದಿದ್ದರೆ ಸಾಕು, ತೊಂದರೆ. ಅಪ್ಪ ಎರಡು ಇಟ್ಟಿಗೆ ಕೈಗೆ ತಗೊಂಡು ಒಂದಕ್ಕೊಂದು ತಟ್ಟಿ, ಖಣ್ ಅಂತ ಸದ್ದು ಬಂದರೆ ಮಾತ್ರ ಲಾರಿಗೆ ಹಾಕಿಸುತ್ತಿದ್ದರು. ಆರ್ಗನ್ನು ಶುರುವಾದಾಗ ಇಡೀ ಚಾವಣಿ ಆ ಸದ್ದನ್ನು ತಡೆದು ವಾಪಸ್ಸು ಕಳಿಸಿತು. ಧೂಪದ ಹೊಗೆ ಆ ಮಹಡಿಯ ಕಮಾನುಗಳ ತನಕ ಏರಿ ನಿಧಾನಕ್ಕೆ ಚದುರಿತು. ನಾನು ಕ್ರೈಸ್ತನಲ್ಲ. ಆದರೂ ಎಲ್ಲರೂ ಮಂಡಿಯೂರಿದಾಗ ತಲೆ ತಾನಾಗಿ ತಗ್ಗಿತು.

ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟ. ಹುಳಿ, ಪಲ್ಯ, ಮೇಲೆ ಒಂದು ನಿದ್ದೆ. ಸಂಜೆ ತಂಗಿ, "ಅಣ್ಣ, ಮತ್ತೆ ಅದೇ ಚರ್ಚಿಗಾ? ಕ್ಯೂ ಗಾರ್ಡನ್ ಕಡೆ ಹೋಗೋಣ ಅಂದುಕೊಂಡಿದ್ದೆ" ಅಂದಳು. ಅಪ್ಪನ ಪ್ರಶ್ನೆ ಬಾಕಿ ಇದೆ ಅಂದೆ. ಅವಳೂ ಇಟ್ಟಿಗೆ ಗೂಡಿನಲ್ಲಿ ಬೆಳೆದವಳೇ. ಚಪ್ಪಲಿ ಹಾಕಿಕೊಂಡು ಜೊತೆಗೆ ಹೊರಟಳು.

ಮಾರ್ಗರೆಟ್ ಸ್ಟ್ರೀಟಿನಲ್ಲಿ ಸಂಜೆಯ ಪ್ರಾರ್ಥನೆ ನಡೆಯುತ್ತಿತ್ತು. ಬಾಗಿಲ ಹತ್ತಿರ ಕೂತೆವು. ಶುಕ್ರವಾರ ಖಾಲಿಯಿದ್ದ ಕುರ್ಚಿಗಳು ಈಗ ಮುಕ್ಕಾಲು ತುಂಬಿದ್ದವು. ಹಾಡುವ ಹುಡುಗರ ಶಾಲೆ 1968ರಲ್ಲಿ ಮುಚ್ಚಿತು. ಹುಡುಗನಾಗಿದ್ದಾಗ ನಟ ಲಾರೆನ್ಸ್ ಒಲಿವಿಯೆ ಹಾಡಲು ಕಲಿತದ್ದು ಆ ಶಾಲೆಯಲ್ಲೇ. ಈಗ ಹಾಡುವವರು ದೊಡ್ಡವರು. ಮೇಣದ ಬತ್ತಿಗಳ ಬೆಳಕಿಗೆ ಕೆಂಪು ಗ್ರಾನೈಟಿನಲ್ಲಿ ಜೀವ ಬಂದಿತ್ತು. ಹಗಲು ಗದ್ದಲ ಅನ್ನಿಸಿದ್ದ ಗೋಡೆಯ ವಿನ್ಯಾಸ ಈ ಬೆಳಕಿನಲ್ಲಿ ಹಳೆಯ ಕಂಬಳಿಯ ಹಾಗೆ ಮೆತ್ತಗೆ ಕಂಡಿತು. ಬಟರ್‌ಫೀಲ್ಡ್ ಇದನ್ನು ಕಟ್ಟಿದ್ದು ಈ ಹೊತ್ತಿಗಾಗಿಯೇ ಅನ್ನಿಸಿತು.

ಪ್ರಾರ್ಥನೆ ಮುಗಿದು ಜನ ಅಂಗಳಕ್ಕೆ ಬಂದರು. ಜೂನ್ ತಿಂಗಳು, ಹೊರಗೆ ಇನ್ನೂ ಬಿಸಿಲಿತ್ತು. ಅಂಗಳದಲ್ಲಿ ಒಂದು ಎತ್ತರದ ಆಸರೆ ಗೋಡೆ ಇದೆ. ಮೇರಿಗೆ ದೇವದೂತ ಸುದ್ದಿ ಹೇಳುವ ಕೆತ್ತನೆ ಅದರ ಮೇಲಿದೆ. ತಂಗಿ ಮೊದಲು ಹೋಗಿ ಅದರ ಮೂಲೆಗೆ ಬೆರಳು ಇಟ್ಟಳು. ಕರಿ ಪಟ್ಟಿ ಮೂಲೆಗೆ ಬಂದು ನಿಂತಿರಲಿಲ್ಲ. ಮೂಲೆಯಲ್ಲಿ ತಿರುಗಿ ಪಕ್ಕದ ಮುಖಕ್ಕೂ ಹೋಗಿತ್ತು. ಅದರ ಮೇಲಿನ ಪಟ್ಟಿಯೂ ಹಾಗೇ. ನಮ್ಮ ಗೂಡಿನಲ್ಲಿ ಜಾಸ್ತಿ ಬೆಂದು ಕರಿಯಾದ ಇಟ್ಟಿಗೆಯನ್ನು ಪಾಯಕ್ಕೆ ಅಂತ ಪಕ್ಕಕ್ಕೆ ಎಸೆಯುತ್ತಿದ್ದರು. ನಮ್ಮ ಒಳ್ಳೆಯ ಇಟ್ಟಿಗೆಯೂ ಒಂದು ಸಲ ಗೋಡೆಗೆ ಹೋಯಿತೆಂದರೆ ಸಿಮೆಂಟಿನ ಕೆಳಗೆ ಸೇರಿಬಿಡುತ್ತಿತ್ತು. ಮೂವತ್ತು ವರ್ಷದಲ್ಲಿ ಅಪ್ಪ ಸುಟ್ಟ ಒಂದು ಇಟ್ಟಿಗೆಯೂ ಇವತ್ತು ಯಾರ ಕಣ್ಣಿಗೂ ಕಾಣುವುದಿಲ್ಲ.

ಮೂಲೆಯ ಫೋಟೋ ತೆಗೆದು ಕಳಿಸಿದೆ. "ತಿರುಗಿದೆ ಅಪ್ಪ. ಕಟ್ಟಿದ್ದೇ, ಅಂಟಿಸಿದ್ದಲ್ಲ" ಅಂತ ಬರೆದೆ. ಊರಿನಲ್ಲಿ ಆಗ ರಾತ್ರಿ ಹನ್ನೆರಡರ ಹತ್ತಿರ. ಮಲಗಿರುತ್ತಾರೆ ಅಂದುಕೊಂಡು ಫೋನು ಜೇಬಿಗೆ ಹಾಕುವಷ್ಟರಲ್ಲಿ ಎರಡು ಗೀಟು ನೀಲಿಯಾದವು. ಮರುನಿಮಿಷ ದನಿ ಬಂತು. ತಂಗಿ, ನಾನು ಕಿವಿಗೆ ಕಿವಿ ಕೊಟ್ಟು ಕೇಳಿದೆವು.

"ಹೂಂ. ಇನ್ನೂ ಸ್ವಲ್ಪ ಹತ್ರ ಹೋಗಿ ತೆಗಿ."